ನಗೆಯಲ್ಲಿ ಮುಚ್ಚಿಹೋದ ಕೂಗು

ಶನಿವಾರ ಬೆಳಿಗ್ಗೆ ಆ ಮುದುಕ ನಮ್ಮ ಕೋಣೆಯ ಬಾಗಿಲನ್ನು ತಟ್ಟಲಿಲ್ಲ, ಒದ್ದ.

"ಹ್ಯಾಡಿ ಸೋವೆ ಅನ್ನೋಳು ಯಾರು?"

ಹ್ಯಾಡಿ ಅಕ್ಕ ಬಾಯಲ್ಲಿದ್ದ ಹಲ್ಲುಕಡ್ಡಿ ತೆಗೆದು ಎದ್ದು ನಿಂತಳು. ನಮ್ಮ ರಾಜಧಾನಿ ಬಾಂಜುಲ್‌ನ ಶಾಸನಸಭೆಗೆ ಅವಳು ಭದ್ರತಾ ಮುಖ್ಯಸ್ಥೆ. ನಾನು ಅವಳ ಸಹಾಯಕ, ಹೆಸರು ಬಿರಾನ್. ಹಿಂದೆ ಅವಳು ಪೊಲೀಸ್ ಪತ್ತೇದಾರಳಾಗಿದ್ದಳು. ಹಳೆಯ ಸರ್ಕಾರದ ಕಾಲದಲ್ಲಿ ಕಳ್ಳನನ್ನು ಸರಿಯಾಗಿಯೇ ಹಿಡಿದಳು, ಆದರೆ ಹಿಡಿಯಬಾರದವರ ಮನೆಯಲ್ಲಿ ಹಿಡಿದಳು. ಕೆಲಸ ಹೋಯಿತು. ಆ ಸರ್ಕಾರ ಬಿದ್ದ ಮೇಲೆ ಅವಳನ್ನು ಕರೆದು ಇಲ್ಲಿ ಕೂರಿಸಿದ್ದರು.

"ನಾನೇ ಅಪ್ಪಾ. ಬನ್ನಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ತಾಯಿ. ನಾನು ಮಾಸ್ ನ್ಜಾಯ್. ಯಾಸಿನ್ ನನ್ನ ಮಗಳು. ಆಸ್ಪತ್ರೇಲಿ ತಲೆ ಒಡಿಸ್ಕೊಂಡು ಪ್ರಜ್ಞೆ ಇಲ್ದೆ ಮಲಗಿದಾಳೆ. ಅವಳನ್ನ ಹೊಡೆದ ಅಂತ ಪೊಲೀಸ್ನೋರು ದೋದು ಜೋಬನ್ನ ಹಿಡಿದು ಹಾಕಿದಾರೆ. ಆ ಹುಡುಗನ್ನ ಬಿಡ್ಸು!"

ಹೊಡೆಸಿಕೊಂಡವಳ ತಂದೆ ಹೊಡೆದವನ ಪರವಾಗಿ ಬರುವುದೆಂದರೇನು? ನಾನು ಬಾಯಿ ತೆರೆಯುವಷ್ಟರಲ್ಲಿ ಮುದುಕ ಮೇಜಿಗೆ ಗುದ್ದಿದ.

"ದೋದು ಅನ್ನಬಾಕ. ಅವರಪ್ಪ ಅನ್ನಬಾಕ. ಅವರ ತಾತ ನಮ್ಮನೆ ಬಾಗಿಲಲ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ದೋನು. ಅವನ ಮುಖದ ಮೇಲೇ ಹೇಳ್ತೀನಿ. ಆದ್ರೆ ಜೋಬ್ ಆದೋನು ನ್ಜಾಯ್ ರಕ್ತ ಚೆಲ್ಲಲ್ಲ. ಚೆಲ್ಲಿದ್ದು ನಾನು ಕಂಡಿಲ್ಲ, ನಮ್ಮಪ್ಪ ಕಂಡಿಲ್ಲ. ಆ ಇನ್‌ಸ್ಪೆಕ್ಟರ್ ತಲೇಲಿ ಹೊಟ್ಟು ತುಂಬಿದೆಯಾ? ನಾಳೆ ನನ್ನ ಮಗಳು ಸತ್ರೆ ಆ ಹುಡುಗನ್ನ ಕೊಲೆಗಾರ ಅಂತ ಜೀವಮಾನ ಪೂರ್ತಿ ಒಳಗೆ ಕೊಳೆ ಹಾಕ್ತಾರೆ. ಹೊಡೆದೋನು ಹೊರಗೆ ಅನ್ನ ತಿಂತಿರ್ತಾನೆ."

ಅಕ್ಕ ಅವನಿಗೆ ನೀರು ಕೊಟ್ಟಳು. "ಮನೆಗೆ ಹೋಗಿ ಅಪ್ಪಾ. ಹೊಡೆದೋನನ್ನ ನಾನು ಹುಡುಕ್ತೀನಿ" ಎಂದಳು.

ನಮ್ಮಲ್ಲಿ ನ್ಜಾಯ್ ಮನೆತನಕ್ಕೂ ಜೋಬ್ ಮನೆತನಕ್ಕೂ ಬೈಗುಳದ ನೆಂಟಸ್ತನ. ದಾರಿಯಲ್ಲಿ ಎದುರಾದರೆ ಸಾಕು, ಕಳ್ಳ, ಅನ್ನಬಾಕ, ನಮ್ಮನೆ ಆಳು ಎಂದು ಒಬ್ಬರನ್ನೊಬ್ಬರು ಜರೆಯಬೇಕು. ಕೇಳಿಸಿಕೊಂಡವನು ಸಿಟ್ಟಾಗುವ ಹಾಗಿಲ್ಲ, ಅದಕ್ಕಿಂತ ಒಳ್ಳೆಯ ಬೈಗುಳವನ್ನು ವಾಪಸು ಕೊಡಬೇಕು. ಯಾಸಿನ್ ನ್ಜಾಯ್ ಮತ್ತು ದೋದು ಜೋಬ್ ನಮ್ಮ ಸಭೆಯ ಸಂಶೋಧನಾ ಕೋಣೆಯಲ್ಲಿ ಎದುರುಬದುರು ಕೂತು ದಿನವಿಡೀ ಮಾಡುತ್ತಿದ್ದುದು ಅದನ್ನೇ.

ಆ ಕೋಣೆಯ ಬಗ್ಗೆ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಮ್ಮ ಶಾಸಕರು ಮಾಡಿದ್ದು ಕೈ ಎತ್ತುವ ಕೆಲಸ ಒಂದೇ. ಹೊಸ ಕಾಲ ಬಂದಾಗ ಹೊರದೇಶದವರು ಬಂದರು, ಸಂಸತ್ತಿನ ಸಾಮರ್ಥ್ಯ ವೃದ್ಧಿ ಮಾಡುತ್ತೇವೆ ಎಂದರು. ಆಯಿತಪ್ಪ, ಮಾಡಿ ಎಂದೆವು. ಕಡಲ ದಂಡೆಯ ಹೋಟೆಲುಗಳಲ್ಲಿ ಕಾರ್ಯಾಗಾರ, ಬ್ಯಾನರು, ಬಟ್ಟೆಚೀಲ, ಬಿಸ್ಕತ್ತು, ಪ್ರಮಾಣಪತ್ರ. ಬಂದವರಿಗೆಲ್ಲ ನೆನಪಿಗೆಂದು ಸಭಾಪತಿಯ ಮುಂದಿಡುವ ಅಧಿಕಾರದ ಗದೆಯಂಥದ್ದೇ ಒಂದು ಪುಟ್ಟ ಮರದ ಗದೆ! ಎಷ್ಟು ಸಾಮರ್ಥ್ಯ ಬೆಳೆಯಿತೋ ಕಾಣೆ, ಹೊಟ್ಟೆಗಳಂತೂ ಬೆಳೆದವು. ಇಷ್ಟರಲ್ಲಿ ನಿಜವಾಗಿ ಚಿಗುರಿದ್ದು ಆ ಒಂದು ಕೋಣೆ. ಮಂತ್ರಿ ಹೇಳಿದ್ದನ್ನು ನಂಬದೆ, ಸ್ವಂತ ಕಾಲಲ್ಲಿ ಹೋಗಿ ನೋಡಿಕೊಂಡು ಬರುವ ಇಬ್ಬರು ಮಕ್ಕಳು.

ಬಂತಾಂಗ್‌ಬಾ ಎಂಬ ಊರಿನ ಹೆಂಗಸರು ದೂರು ಕೊಟ್ಟಿದ್ದರು. ಅಲ್ಲಿ ಮೀನು ಪುಡಿ ಮಾಡುವ ಕಾರ್ಖಾನೆಯೊಂದು ಕೊಳಕು ನೀರನ್ನು ಹಿನ್ನೀರಿಗೆ ಬಿಡುತ್ತಿದೆ, ಮಕ್ಕಳಿಗೆ ಕಾಯಿಲೆ ಎಂದು. ಸೋಮವಾರ ಸಮಿತಿಯ ಮುಂದೆ ಬಹಿರಂಗ ವಿಚಾರಣೆ ಇತ್ತು. ಯಾಸಿನ್, ದೋದು ದೋಣಿಯಲ್ಲಿ ಹೋಗಿ ಅದೇ ಹಿನ್ನೀರಿನ ಬೊಂಗಾ ಮೀನು ಹಿಡಿದು ತಂದು ಸಾಕ್ಷಿಗೆಂದು ಕೋಣೆಯ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು.

ಇನ್ನು ಶುಕ್ರವಾರದ ಸಂಗತಿ. ಅಂದು ನಮ್ಮ ಸಭೆಯ ಬಾಗಿಲು ಜನರಿಗೆ ತೆರೆದ ದಿನ. ಶಾಲೆಯ ಮಕ್ಕಳು, ಹಳ್ಳಿಯವರು ಬೆಳಿಗ್ಗೆಯಿಂದಲೇ ಮುಗಿಬಿದ್ದಿದ್ದರು. ಯಾರು ಒಳಗೆ ಬಂದರು ಎಂದು ಯಾರೂ ಆಣೆ ಇಟ್ಟು ಹೇಳುವ ಹಾಗಿರಲಿಲ್ಲ. ಹೊರಗೆ ಹೋಗುವವರ ಚೀಲಗಳನ್ನು ಮಾತ್ರ ನಾನು, ಅಕ್ಕ ಗೇಟಿನಲ್ಲಿ ನಿಂತು ಬಿಚ್ಚಿಸಿ ನೋಡುತ್ತಿದ್ದೆವು. ಹಿಂದಿನ ಸಲ ಯಾರೋ ಮೈಕನ್ನೇ ಹೊತ್ತುಕೊಂಡು ಹೋಗಿದ್ದರು.

ಮಧ್ಯಾಹ್ನಕ್ಕೆ ಮೊದಲು ಹಿಂದಿನ ಪಡಸಾಲೆಯ ಕೊನೆಯ ಆ ಸಂಶೋಧನಾ ಕೋಣೆಯಿಂದ ಯಾಸಿನ್ ಕೂಗಿದ್ದು ಹಲವರಿಗೆ ಕೇಳಿಸಿತ್ತು. "ಕಳ್ಳ! ಕಳ್ಳ ನನ್ಮಗನೇ, ಬಿಡೋ ಅದನ್ನ!" ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನ್ಜಾಯ್-ಜೋಬ್ ಆಟ ಶುರುವಾಯಿತು ಎಂದರು. ತರಬೇತಿ ಕೊಡಲು ಡೆನ್ಮಾರ್ಕಿನಿಂದ ಬಂದಿದ್ದ ಆಂಡರ್ಸ್ ಒಬ್ಬ ಮಾತ್ರ ಆ ಕಡೆ ಓಡಲು ಹೊರಟ. ಅಡುಗೆಯ ಜೈನಬಾ ಅವನ ತೋಳು ಹಿಡಿದು ನಿಲ್ಲಿಸಿದಳು.

ಜುಮ್ಮಾ ನಮಾಜು ಮುಗಿದ ಮೇಲೆ ಊಟಕ್ಕೆ ಕೂತೆವು. ಶುಕ್ರವಾರ ಶಾಸಕರೂ ಜವಾನರೂ ಒಂದೇ ಬೋಗುಣಿಗೆ ಕೈ ಹಾಕಿ ತಿನ್ನುವುದು ನಮ್ಮಲ್ಲಿ ವಾಡಿಕೆ. ಜೈನಬಾ ಮಾಡಿದ ಮೀನಿನ ಬೆನಚಿನ್ ಅನ್ನ. ಸಮಿತಿಯ ಅಧ್ಯಕ್ಷ ಯಾಂಕುಬಾ ಸಾನ್ನೋ ಅವರ ಮುಂದಕ್ಕೆ ಎಲ್ಲರೂ ಮೀನು ತಳ್ಳಿದರು, ಅವರು ಬೇಡವೆನ್ನಲಿಲ್ಲ. ಸಮಿತಿಯ ಕಾರ್ಯದರ್ಶಿ ಕೆಬ್ಬಾ ಸಬಾಲಿ ಮಾತ್ರ ಹೊಟ್ಟೆ ಸರಿಯಿಲ್ಲವೆಂದು ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಯಾಸಿನ್ ಬರಲಿಲ್ಲವೆಂದು ಜೈನಬಾ ಒಂದು ತಟ್ಟೆ ಹಿಡಿದು ಹೋದಳು. ಆಮೇಲೆ ಕೇಳಿದ್ದು ಜೈನಬಾಳ ಕಿರುಚಾಟ.

ಹುಡುಗಿ ಫ್ರಿಜ್ಜಿನ ಮುಂದೆ ರಕ್ತದ ಮಡುವಿನಲ್ಲಿ ಬಿದ್ದಿದ್ದಳು. ಪಕ್ಕದಲ್ಲಿ ಅವಳದೇ ಮೇಜಿನ ಮೇಲಿರುತ್ತಿದ್ದ ಮರದ ಗದೆ. ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು, ಒಳಗೆ ಮೀನಿರಲಿಲ್ಲ. ನಾವು ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದ ಅಷ್ಟೂ ಹೊತ್ತು ಆ ಮಗು ಅಲ್ಲಿ ರಕ್ತ ಸುರಿಸುತ್ತಿತ್ತು. ಥೂ!

ಇನ್‌ಸ್ಪೆಕ್ಟರ್ ಸನ್ಯಾಂಗ್‌ನ ಲೆಕ್ಕ ಸಲೀಸು. ಯಾಸಿನ್ ಕಳ್ಳ ಎಂದು ಬೈಯುವುದು ದೋದುವನ್ನು, ಆದ್ದರಿಂದ ಕೋಣೆಯಲ್ಲಿದ್ದವನು ದೋದು. ಆಟದ ಬೈಗುಳ ನಿಜದ ಜಗಳವಾಗಿದೆ. ಸಂಜೆ ದೋದು ತಾನಾಗಿ ಬಂದಾಗ ಎಲ್ಲಿದ್ದೆ ಎಂದು ಕೇಳಿದರು. ಅವನು ತುಟಿ ಬಿಚ್ಚಲಿಲ್ಲ. ಬೇಡಿ ಬಿತ್ತು.

ಮುದುಕ ಹೋದ ಮೇಲೆ ಅಕ್ಕ ಮೊದಲು ಆಂಡರ್ಸ್‌ನನ್ನು ಕರೆಸಿದಳು. ಅವನು ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು, ಪುಸ್ತಕದ ಹಾಗೆಯೇ ಆಡುತ್ತಿದ್ದ.

"ನಾನು ಒಂದೇ ಧ್ವನಿಯನ್ನು ಕೇಳಿದೆನು. ಅದು ಯಾಸಿನ್‌ಳ ಧ್ವನಿಯಾಗಿತ್ತು" ಎಂದ. ಅವನ ಕಣ್ಣು ಕೆಂಪಗಿತ್ತು. "ನಾನು ಹೋಗಬಯಸಿದೆನು. ನೀವೆಲ್ಲರೂ ನಕ್ಕಿರಿ. ಇದು ನಿಮ್ಮ ಸಂಸ್ಕೃತಿ, ನನಗೆ ಅರ್ಥವಾಗದು ಎಂದಿರಿ."

"ತಮಾಷೆ ಅಂತ ನಿಮಗೆ ಹೇಳಿದ್ದು ಯಾರು?"

"ಜೈನಬಾ."

ಜೈನಬಾ ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತ ಪಾತ್ರೆ ಉಜ್ಜುತ್ತಿದ್ದಳು. "ನನ್ನ ಕೈ ಕತ್ತರಿಸಿ ಹಾಕಿ ಅಕ್ಕಾ, ಆ ಸಾಹೇಬರನ್ನ ನಾನೇ ತಡೆದೆ. ಅನ್ಸು ನಗ್ತಾ ಬಂದು ಹೇಳ್ದ, ನ್ಜಾಯ್-ಜೋಬ್ ಕಿತ್ತಾಟ ಅಂತ. ನಾನೂ ನಗೋಣ ಅಂತ ಪಡಸಾಲೆಗೆ ಹೋದೆ."

ಅನ್ಸು ನಮ್ಮ ಕಾವಲುಗಾರ. ಶುಕ್ರವಾರ ಸಂಜೆಯೇ ಅಣ್ಣನ ಮಗುವಿನ ಹೆಸರಿಡುವ ಶಾಸ್ತ್ರಕ್ಕೆ ನದಿಯ ಮೇಲ್ಗಡೆಯ ಊರಿಗೆ ಹೊರಟುಹೋಗಿದ್ದ. ಫೋನು ಸಿಗುವ ಊರಲ್ಲ. ಸೋಮವಾರ ಬೆಳಿಗ್ಗೆ ಬರಬೇಕಿತ್ತು.

"ಅಡುಗೆಮನೇಲಿ ಆಗ ಯಾರಿದ್ರು?" ಅಕ್ಕ ಕೇಳಿದಳು.

"ಯಾರೂ ಇಲ್ಲ. ಮೀನು ಬುಟ್ಟಿ ಹಾಗೇ ಬಿಟ್ಟು ಹೋಗಿದ್ದೆ. ಆ ಮೀನಿನೋಳು ಬೇರೆ ನಂಗೆ ಟೋಪಿ ಹಾಕಿದಾಳೆ ಅಕ್ಕಾ! ಬೆಳಿಗ್ಗೆ ದಡದಿಂದ ತಾಜಾ ಮೀನು ತಂದ್ರೆ, ಅದರೊಳಗೆ ಮೂರು ಕಲ್ಲಿನ ಹಂಗೆ ಗಟ್ಟಿ. ನನ್ನ ಚಾಕು ಬಾಯಿ ಹೋಯ್ತು. ಹಳೇ ಸರಕು ಸೇರಿಸಿ ಕೊಟ್ಟವಳೆ, ಅವಳ ಕೈ ಸೇದಿಹೋಗ!"

ಅಕ್ಕ ಹಲ್ಲುಕಡ್ಡಿ ಜಗಿಯುವುದನ್ನು ನಿಲ್ಲಿಸಿದಳು. ಮೂರು ಮೀನನ್ನು ಏನು ಮಾಡಿದೆ ಎಂದು ಕೇಳಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು.

ಅಧ್ಯಕ್ಷ ಸಾನ್ನೋ ಅವರನ್ನು ಅವರ ಮನೆಯಲ್ಲೇ ಕಂಡೆವು. ಕೂಗು ಕೇಳಿದ ಹೊತ್ತಿಗೆ ಅವರೂ ಸಭಾಂಗಣದಲ್ಲಿರಲಿಲ್ಲ, ಫೋನು ಹಿಡಿದು ಹೊರಗೆ ಹೋಗಿದ್ದರು.

"ಯಾರ ಜೊತೆ ಮಾತಾಡ್ತಿದ್ರಿ ಯಜಮಾನ್ರೇ?"

"ನಿಂಗ್ಯಾಕಮ್ಮ ಅದು? ಕಾರ್ಖಾನೆ ಮಾಲೀಕರ ಜೊತೆ. ಸ್ನೇಹಿತರು, ತಪ್ಪೇನು? ನಮ್ಮ ಊರಿಗೆ ನಾಲ್ಕು ಕೆಲಸ ಕೊಟ್ಟೋರು. ಮೀನಿಗೆ ಏನೂ ಆಗಿಲ್ಲ, ನಾನೇ ದಿನಾ ತಿಂತೀನಿ. ಸಂಶೋಧನೆ ಮಾಡೋ ಇಬ್ಬರೂ ಹೋದ್ರಲ್ಲ, ಒಬ್ಬಳು ಆಸ್ಪತ್ರೆಗೆ, ಒಬ್ಬ ಲಾಕಪ್ಪಿಗೆ. ಸಮಿತಿಗೆ ಸಾಮರ್ಥ್ಯ ಇಲ್ಲ ಅಂತ ಸೋಮವಾರದ ವಿಚಾರಣೆ ಮುಂದಕ್ಕೆ ಹಾಕ್ತೀನಿ."

ನನಗೆ ಅವರ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅಕ್ಕ ನನ್ನ ಕಾಲು ತುಳಿದಳು. "ಹಾಕುವಿರಂತೆ. ಸೋಮವಾರ ಬೆಳಿಗ್ಗೆ ಒಂದು ಗಳಿಗೆ ಸಮಿತಿ ಕೋಣೆಗೆ ಬಂದು, ಅಲ್ಲೇ ಹೇಳಿ" ಎಂದಳು.

ಕೆಬ್ಬಾ ಸಬಾಲಿ ತಾನಾಗಿಯೇ ಓಡಿಬಂದು ಸಹಾಯಕ್ಕೆ ನಿಂತ. ನಮ್ಮ ಸಭೆಯಲ್ಲಿ ಅವನಷ್ಟು ತರಬೇತಿ ಪಡೆದ ಪ್ರಾಣಿ ಇನ್ನೊಂದಿಲ್ಲ. ಪಾರದರ್ಶಕತೆ ಕಲಿಯಲು ನೈರೋಬಿಗೆ ಹೋಗಿದ್ದ, ಉತ್ತರದಾಯಿತ್ವ ಕಲಿಯಲು ಲಂಡನ್ನಿಗೆ. ಪ್ರಮಾಣಪತ್ರಗಳಿಗೆ ಅವನ ಕೋಣೆಯ ಗೋಡೆ ಸಾಲದಾಗಿತ್ತು.

"ಏನು ಹೇಳ್ಲಿ ಅಕ್ಕಾ, ಕರುಳು ಕಿತ್ತು ಬರುತ್ತೆ" ಎಂದು ಕಣ್ಣೊರೆಸಿಕೊಂಡ. "ಆ ಕಡೆ ಹೋಗ್ತಿದ್ದೆ, ನನ್ನ ಕಿವಿಯಾರೆ ಕೇಳ್ದೆ. ಅವಳು ಕಳ್ಳ ಅಂದ್ಳು, ದೋದು 'ಮುಚ್ಚೇ ಅನ್ನಬಾಕಿ' ಅಂದ. ದಿನಾ ಇದ್ದಿದ್ದೇ ಅಂತ ಸುಮ್ನಾದೆ. ಒಳಗೆ ಹೋಗಿದ್ರೆ ಹುಡುಗಿ ಉಳೀತಿದ್ಳು."

"ಇನ್ನೂ ಉಳಿದಿದಾಳೆ ಕೆಬ್ಬಾ" ಎಂದಳು ಅಕ್ಕ.

"ಹಾಂ, ಹೌದು, ದೇವರು ದೊಡ್ಡೋನು."

ಭಾನುವಾರ ಲಾಕಪ್ಪಿಗೆ ಹೋದೆವು. ದೋದುವಿನ ಒಂದು ಕಣ್ಣು ಊದಿಕೊಂಡಿತ್ತು. ಅದನ್ನು ಕಂಡ ಕೂಡಲೇ ನನ್ನ ಬಾಯಿಂದ ಬರಬಾರದ ಮಾತೆಲ್ಲ ಬಂತು. ಹಳೆಯ ಸರ್ಕಾರ ಹೋಯಿತಂತೆ. ಅದರ ಮುಷ್ಟಿ ಎಲ್ಲಿಗೆ ಹೋಗಿದೆ? ಅಕ್ಕ ಮಾತ್ರ ಕಂಬಿಯ ಹತ್ತಿರ ಬಾಗಿದಳು.

"ಎಲ್ಲಿದ್ದೆ ಅಂತ ನಾನು ಕೇಳಲ್ಲ ಮಗಾ. ಒಂದೇ ಒಂದು ಹೇಳು. ಮಿಕ್ಕ ಮೀನು ತಣ್ಣಗಿದೆಯಾ?"

ಹುಡುಗ ಬೆಚ್ಚಿ ತಲೆ ಎತ್ತಿದ. ಇನ್‌ಸ್ಪೆಕ್ಟರ್ ಕಡೆ ನೋಡಿದ, ಮತ್ತೆ ತಲೆ ತಗ್ಗಿಸಿದ. ಅವನ ಕಣ್ಣಿಂದ ಹನಿ ಉದುರಿತು.

"ಸಾಕು" ಎಂದು ಅಕ್ಕ ಹೊರಗೆ ಬಂದಳು. "ತಮ್ಮಾ, ಸೆರೆಕುಂಡಾ ಪೇಟೆ ಕಡೆ ಮೀನು, ನೀರು ಪರೀಕ್ಷೆ ಮಾಡೋ ಜಾಗ ಎಷ್ಟಿವೆ ನೋಡು. ಭಾನುವಾರ ಅಂದ್ರೂ ಬಾಗಿಲು ಬಡಿ."

ಎರಡನೆಯ ಬಾಗಿಲಲ್ಲೇ ಸಿಕ್ಕಿತು. ಬಾಗಿಲು ತೆರೆದವನಿಗೆ ದೋದುವಿನ ಹೆಸರು ಹೇಳುತ್ತಲೇ ಅವನು ಗೊಣಗಿದ. "ಆ ಜೋಬ್ ಹುಡುಗನಾ? ಶುಕ್ರವಾರ ಬಾಗಿಲು ತೆಗೆಯೋಕೆ ಮುಂಚೆ ಐಸ್ ಪೆಟ್ಟಿಗೆ ಹಿಡ್ಕೊಂಡು ಕೂತಿದ್ದ. ಸಂಜೆವರೆಗೂ ಕದಲಲಿಲ್ಲ. ನಮ್ಮ ಮೇಲೂ ನಂಬಿಕೆ ಇಲ್ಲ ಆಸಾಮಿಗೆ! ನಾಳೆ ಬೆಳಿಗ್ಗೆ ಫಲಿತಾಂಶ ಕೊಡ್ತೀನಿ ಅಂದಿದ್ದೆ, ಬರ್ತಾನಾ?"

"ಬರ್ತಾನೆ" ಎಂದೆ.

ಸೋಮವಾರ ಬೆಳಿಗ್ಗೆ ಸಮಿತಿ ಕೋಣೆ ಕಿಕ್ಕಿರಿದಿತ್ತು. ಬಂತಾಂಗ್‌ಬಾದ ಹೆಂಗಸರು ರಾತ್ರಿಯೇ ಹೊರಟು ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಅವರ ಬಟ್ಟೆಯಲ್ಲೆಲ್ಲ ಮೀನು ಒಣಗಿಸುವ ಹೊಗೆಯ ವಾಸನೆ. ಅವರ ಮುಂದಾಳು ನೀಮಾ ಎಂಬಾಕೆ ಸೊಂಟದ ಮೇಲೆ ಕೈಯಿಟ್ಟು ಅಧ್ಯಕ್ಷರನ್ನೇ ದಿಟ್ಟಿಸುತ್ತಿದ್ದಳು. ಆಂಡರ್ಸ್, ಜೈನಬಾ, ಕೆಬ್ಬಾ, ಮುದುಕ ಮಾಸ್ ನ್ಜಾಯ್, ಆಗ ತಾನೆ ಊರಿನಿಂದ ಬಂದಿಳಿದ ಅನ್ಸು, ಎಲ್ಲರೂ ಇದ್ದರು. ದೋದುವನ್ನು ಇನ್‌ಸ್ಪೆಕ್ಟರ್ ಬೇಡಿ ಹಾಕಿಯೇ ಕರೆತಂದಿದ್ದ. ಆಸ್ಪತ್ರೆಯಿಂದ ಬಂದ ಸುದ್ದಿ ಇಷ್ಟೇ: ಯಾಸಿನ್ ಕಣ್ಣು ತೆರೆದಿದ್ದಾಳೆ, ಮಾತಿಲ್ಲ.

ಮೇಜಿನ ಮೇಲೆ ಒಂದು ದೊಡ್ಡ ಬೋಗುಣಿ ಬೆನಚಿನ್ ಹೊಗೆಯಾಡುತ್ತಿತ್ತು.

"ಮಾತಿಗೆ ಮುಂಚೆ ಎಲ್ಲರೂ ಒಂದೊಂದು ತುತ್ತು ತಗೊಳ್ಳಿ" ಎಂದಳು ಅಕ್ಕ. "ಶುಕ್ರವಾರದ ಮೀನು ಮಿಕ್ಕಿತ್ತು, ಐಸಲ್ಲಿಟ್ಟು ಮತ್ತೆ ಬೇಯಿಸಿದೀವಿ."

ನಮ್ಮಲ್ಲಿ ಮುಂದಿಟ್ಟ ಬೋಗುಣಿಗೆ ಕೈ ಹಾಕದಿರುವುದು ಇಟ್ಟವರ ಮುಖಕ್ಕೆ ಉಗಿದಂತೆ. ಅಧ್ಯಕ್ಷರು ಮೊದಲು ಕೈ ಹಾಕಿ, "ಚೆನ್ನಾಗಿದೆ ಕಣಮ್ಮ" ಎಂದು ಚಪ್ಪರಿಸಿದರು. ಅನ್ಸು ತಿಂದ. ಮುದುಕ ತಿಂದ. ಆಂಡರ್ಸ್ ಕೂಡ ತಿಂದ. ಕೆಬ್ಬಾ ಗೋಡೆಗೆ ಒರಗಿ ನಿಂತೇ ಇದ್ದ.

"ಬಾ ಕೆಬ್ಬಾ."

"ಹೊಟ್ಟೆ ಇನ್ನೂ ಸರಿಹೋಗಿಲ್ಲ ಅಕ್ಕಾ."

"ಒಂದೇ ತುತ್ತು. ಬರೀ ಮೀನು ತಗೋ."

"ಬೇಡ ಅಂದ್ನಲ್ಲ! ಆ ಮೀನು ಬೇಡ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಯಾವ ಮೀನಪ್ಪಾ?" ಅಕ್ಕ ಮೆತ್ತಗೆ ಕೇಳಿದಳು. "ಇದು ಇವತ್ತು ಬೆಳಿಗ್ಗೆ ದಡದಲ್ಲಿ ಕೊಂಡಿದ್ದು. ಶುಕ್ರವಾರದ್ದು ಒಂದು ಮುಳ್ಳೂ ಮಿಕ್ಕಿಲ್ಲ. ಸುಳ್ಳು ಹೇಳ್ದೆ, ಕ್ಷಮಿಸಿ. ಆದ್ರೆ ಶುಕ್ರವಾರದ ಮೀನಿಗೆ ಹೆದರಬೇಕು ಅಂತ ಈ ಕೋಣೇಲಿ ಗೊತ್ತಿದ್ದಿದ್ದು ನಿನಗೊಬ್ಬನಿಗೇ."

ಕೆಬ್ಬಾನ ಮುಖ ಬೂದಿಯಾಯಿತು. ಅಕ್ಕ ಎಲ್ಲರ ಕಡೆ ತಿರುಗಿದಳು. ಅವಳು ದನಿ ಏರಿಸುವವಳಲ್ಲ. ಅಂದು ಏರಿಸಿದಳು.

"ಯಾಸಿನ್ ಕಳ್ಳ ಕಳ್ಳ ಅಂತ ಕೂಗಿದ್ದು ಎಲ್ಲರಿಗೂ ಕೇಳಿಸ್ತು. ವಾಪಸ್ ಬೈದಿದ್ದು ಯಾರಿಗೆ ಕೇಳಿಸ್ತು? ಆಂಡರ್ಸ್‌ಗೆ ಇಲ್ಲ. ಜೈನಬಾಗೆ ಇಲ್ಲ. ಅಪ್ಪಾ, ನ್ಜಾಯ್ ಬೈದಾಗ ಜೋಬ್ ಸುಮ್ನಿರ್ತಾನಾ?"

"ಸತ್ತ ಜೋಬ್ ಕೂಡ ಎದ್ದು ಕೂತು ಬೈತಾನೆ" ಎಂದ ಮುದುಕ.

"ಒಬ್ಬರೇ ಬೈದ್ರೆ ಅದು ಆಟ ಅಲ್ಲ, ಸಹಾಯಕ್ಕೆ ಕರೆಯೋದು. ಅವಳು ನಿಜವಾದ ಕಳ್ಳನ್ನ ಕಂಡು ಕಳ್ಳ ಅಂದ್ಳು. ಪರದೇಶದೋನಿಗೆ ಅರ್ಥ ಆಯ್ತು, ನಮಗೆ ಆಗ್ಲಿಲ್ಲ. ನಮಗೆಲ್ಲ ಬುದ್ಧಿ ಜಾಸ್ತಿ ನೋಡಿ! ಇನ್ನು ಇದು ತಮಾಷೆ ಅಂತ ಮೊದಲು ಹೇಳಿದ್ದು ಯಾರು? ಆಂಡರ್ಸ್‌ಗೆ ಜೈನಬಾ. ಜೈನಬಾಗೆ ಅನ್ಸು. ಅನ್ಸು, ನಿನಗೆ?"

ಅನ್ಸು ಬೆವರು ಒರೆಸಿಕೊಂಡ. "ಕೆಬ್ಬಾ ಅಣ್ಣ. ಕೂಗು ಕೇಳಿ ನಾನು ಓಡ್ತಿದ್ದೆ. ಕೆಬ್ಬಾ ಅಣ್ಣ ಆ ಕಡೆಯಿಂದ ಬಟ್ಟೆಚೀಲ ಎದೆಗೆ ಅವುಚ್ಕೊಂಡು ಬರ್ತಿದ್ರು. ನಕ್ಕೊಂಡು ಹೇಳಿದ್ರು, 'ಬಿಡೋ, ನ್ಜಾಯ್-ಜೋಬ್ ಕಿತ್ತಾಟ, ದೋದು ಒಳಗಿದಾನೆ' ಅಂತ. ನಾನು ವಾಪಸ್ ಬಂದೆ."

"ದೋದು ಮಾತಾಡಿದ್ದೂ ಇವನ ಕಿವಿಗೆ ಮಾತ್ರ ಬಿತ್ತು. ಆ ಹೊತ್ತಲ್ಲಿ ದೋದು ಸೆರೆಕುಂಡಾದ ಪ್ರಯೋಗಾಲಯದಲ್ಲಿ ಕೂತಿದ್ದ. ಅಲ್ಲಿಯೋರು ಹೊರಗೆ ನಿಂತಿದಾರೆ, ಬೇಕಾದ್ರೆ ಕೇಳ್ಕೊಳ್ಳಿ ಇನ್‌ಸ್ಪೆಕ್ಟ್ರೇ."

"ಮತ್ತೆ ಇವನು ಬಾಯಿ ಬಿಡ್ಲಿಲ್ಲವಲ್ಲ?" ಇನ್‌ಸ್ಪೆಕ್ಟರ್ ಗುರುಗುಟ್ಟಿದ.

"ಯಾರ ಮುಂದೆ ಬಿಡಬೇಕಿತ್ತು? ಮೀನು ಎಲ್ಲಿದೆ ಅಂತ ಹೊರಗಿನೋರಿಗೆ ಗೊತ್ತಿರಲಿಲ್ಲ. ಈ ಕಟ್ಟಡದ ಒಳಗಿನೋರೇ ಕದ್ದಿದಾರೆ ಅಂತ ಅವನಿಗೆ ಗೊತ್ತಾಯ್ತು. ಯಾರು ಅಂತ ಗೊತ್ತಿಲ್ಲ. ಮಿಕ್ಕ ಮೀನು ಎಲ್ಲಿದೆ ಅಂತ ನಿಮಗೆ ಹೇಳಿದ್ರೆ ಬೆಳಗಾಗೋದ್ರೊಳಗೆ ಅದೂ ಮಾಯ. ಅದಕ್ಕೇ ನಿಮ್ಮ ಏಟು ತಿಂದು ಕೂತಿದ್ದ. ಯಾಸಿನ್ ಮೀನನ್ನ ಎರಡು ಪಾಲು ಮಾಡಿ ಒಂದನ್ನ ಇವನ ಕೈಲಿ ಗುಟ್ಟಾಗಿ ಕಳಿಸಿದ್ಳು. ಕೆಬ್ಬಾಗೆ ಒಂದು ಪಾಲಿನ ವಿಷಯ ಮಾತ್ರ ಗೊತ್ತಿತ್ತು."

"ಕದ್ದ ಮೀನು ಎಲ್ಲಿ ಹೋಯ್ತು?" ಎಂದು ಅಧ್ಯಕ್ಷರು ಕೇಳಿದರು.

"ಗೇಟಿನಲ್ಲಿ ನಾವು ಚೀಲ ಬಿಚ್ಚಿಸ್ತಿದ್ವಿ, ಹೊರಗೆ ಒಯ್ಯೋಕೆ ಆಗ್ತಿರಲಿಲ್ಲ. ಮೀನು ಬಚ್ಚಿಡೋಕೆ ಮೀನಿನ ಬುಟ್ಟಿಗಿಂತ ಒಳ್ಳೆ ಜಾಗ ಬೇಕಾ? ಜೈನಬಾ ನಗೋಕೆ ಅಂತ ಪಡಸಾಲೆಗೆ ಹೋದ್ಳು, ಇವನು ಅಡುಗೆಮನೆಗೆ ನುಗ್ಗಿದ. ತಾಜಾ ಮೀನಿನ ಮಧ್ಯೆ ಮೂರು ಕಲ್ಲಿನಂಥ ಮೀನು. ಅವಳು ಬೈಕೊಂಡೇ ಕೊಯ್ದು ಬೇಯಿಸಿದ್ಳು. ಎಲ್ಲರೂ ತಿಂದ್ವಿ. ಯಾವ ಕಾರ್ಯಾಗಾರದಲ್ಲೂ ಊಟ ಬಿಡದ ಇವನೊಬ್ಬ ಕಡಲೆಕಾಯಿ ತಿಂದ."

ಕೆಬ್ಬಾ ಕುಸಿದು ಕೂತ. "ಹೊಡೀಬೇಕು ಅಂತ ಹೋಗ್ಲಿಲ್ಲ ಅಕ್ಕಾ. ಮಾಲೀಕರು ಮೀನು ಮಾಯ ಮಾಡು ಅಂದಿದ್ರು, ಅಷ್ಟೇ. ಸಮಿತಿ ಏನು ಕೇಳುತ್ತೆ ಅಂತ ಮೊದಲಿಂದಾನೂ ಅವರಿಗೆ ಹೇಳ್ತಿದ್ದೆ. ಅವಳು ಚೀಲ ಹಿಡ್ಕೊಂಡು ಬಿಡ್ಲಿಲ್ಲ... ಕೈಗೆ ಗದೆ ಸಿಕ್ತು."

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಅದೂ ಎಂಥ ಬೇಲಿ! ದೇಶ ವಿದೇಶದವರೆಲ್ಲ ಸೇರಿ ನೀರು ಗೊಬ್ಬರ ಹಾಕಿ ಬೆಳೆಸಿದ ಬೇಲಿ. ನಾನು ಮುನ್ನುಗ್ಗಿದೆ. ಆದರೆ ಮಾಸ್ ನ್ಜಾಯ್ ನನಗಿಂತ ಮೊದಲೇ ತಲುಪಿ ಕೆಬ್ಬಾನ ಕಪಾಳಕ್ಕೆ ಬಾರಿಸಿದ. ಯಾರೂ ತಡೆಯಲಿಲ್ಲ. ಇನ್‌ಸ್ಪೆಕ್ಟರ್ ದೋದುವಿನ ಬೇಡಿ ಬಿಚ್ಚಿ ಅದನ್ನೇ ಕೆಬ್ಬಾನಿಗೆ ತೊಡಿಸಿದ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ತುಂಬಾ ಬೇಜಾರಿನ ಸಂಗತಿ. ಎಲ್ಲರ ಮನಸ್ಸೂ ಕೆಟ್ಟಿದೆ. ವಿಚಾರಣೆಯನ್ನ ಮುಂದಿನ ತಿಂಗಳಿಗೆ..."

"ಮೀನಿನ ಫಲಿತಾಂಶ ಬಂದಿದೆ ಯಜಮಾನ್ರೇ" ಎಂದ ದೋದು. ಮೂರು ದಿನಗಳಲ್ಲಿ ಅವನು ಆಡಿದ ಮೊದಲ ಮಾತು. ಕೇಳದೆಯೇ ಹೋಗಿ ಸಾಕ್ಷಿಯ ಕುರ್ಚಿಯಲ್ಲಿ ಕೂತ. ಪ್ರಯೋಗಾಲಯದವನು ತಂದ ಹಾಳೆಯನ್ನು ಊದಿದ ಕಣ್ಣಿಗೆ ಹತ್ತಿರ ಹಿಡಿದು ಓದಿದ. ಬಂತಾಂಗ್‌ಬಾ ಹಿನ್ನೀರಿನ ಮೀನಿನ ಮಾಂಸದಲ್ಲಿ ಸೀಸ ಇದೆ, ಆರ್ಸೆನಿಕ್ ಇದೆ. ಮನುಷ್ಯರು ತಿನ್ನುವ ಪದಾರ್ಥವಲ್ಲ.

ಅಧ್ಯಕ್ಷರ ಕೈ ಮೆಲ್ಲಗೆ ಮೇಜಿನಿಂದ ಇಳಿದು ಹೊಟ್ಟೆಯ ಮೇಲೆ ಬಂತು. ಶುಕ್ರವಾರ ಎಲ್ಲರೂ ಮೀನು ತಳ್ಳಿದ್ದು ಅವರ ಮುಂದಕ್ಕೇ.

"ನಾನು... ಎಷ್ಟು ತಿಂದೆ? ಜೈನಬಾ, ನನಗೆ ಹಾಕಿದ್ದು ಆ ಮೂರರಲ್ಲಿ... ಡಾಕ್ಟರನ್ನ ಕರೀರಿ! ಕಾರು ತೆಗೀರಿ, ಆಸ್ಪತ್ರೆಗೆ!" ಕುರ್ಚಿ ಹಿಂದಕ್ಕೆ ಬಿತ್ತು.

ಅವರು ಬಾಗಿಲು ತಲುಪುವಷ್ಟರಲ್ಲಿ ನೀಮಾ ಎದ್ದು ಅಡ್ಡ ನಿಂತಿದ್ದಳು. ಅವಳ ಹಿಂದೆ ಬಂತಾಂಗ್‌ಬಾದ ಹೆಂಗಸರೆಲ್ಲ ಎದ್ದು ನಿಂತರು.

"ಒಂದು ಊಟಕ್ಕೇ ಕಾರು ಬೇಕಾ ಯಜಮಾನ್ರೇ? ಆ ಕಾರ್ಖಾನೆ ಬಂದಾಗಿಂದ ನಾವು ಎರಡು ಹೊತ್ತೂ ಅದನ್ನೇ ತಿಂತಾ ಇದೀವಿ. ನಮ್ಮ ಮಕ್ಕಳಿಗೆ ಅದನ್ನೇ ಕಿವುಚಿ ತಿನ್ನಿಸಿದೀವಿ. ಹೋಗಿ, ಕೂತ್ಕೊಳ್ಳಿ. ನಾವು ಹೇಳೋದು ಇನ್ನೂ ಶುರುವೇ ಆಗಿಲ್ಲ."

ಅಧ್ಯಕ್ಷರು ನಮ್ಮ ಕಡೆ ನೋಡಿದರು. ಕಾಪಾಡುವುದು ಭದ್ರತೆಯವರ ಕೆಲಸವಲ್ಲವೇ? ಅಕ್ಕ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ನಾನು ಬಾಗಿಲ ಚಿಲಕ ಹಾಕಿದೆ.